ಬಾಗಿಲಲ್ಲಿ ಸಿಕ್ಕಿಕೊಂಡ ಬೆಂಚು

ನಾನು ಬಡಗಿ. ಕೈ ನಡುಗತೊಡಗಿದ ಮೇಲೆ ಕೆಲಸ ಬಿಟ್ಟಿದ್ದೇನೆ. ಆದರೂ ನಮ್ಮ ಬೀದಿಯಲ್ಲಿ ಯಾರ ಮನೆಯ ಕಿಟಕಿ ಬಿಗಿಯಾದರೂ ಮೊದಲು ನನ್ನನ್ನೇ ಕೇಳುತ್ತಾರೆ. ಎಲ್ಲರೂ ನನ್ನನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ. ಇದನ್ನು ಮೊದಲೇ ಹೇಳುತ್ತಿರುವುದು ಜಂಬಕ್ಕಲ್ಲ. ನನ್ನ ಮನೆಯ ಬಾಗಿಲಲ್ಲಿ ಒಂದು ಬೆಂಚು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತು. ಆ ಬೆಂಚನ್ನು ಮಾಡಿದವನೂ ನಾನೇ, ಆ ಬಾಗಿಲನ್ನು ಮಾಡಿದವನೂ ನಾನೇ. ಓದುವವರಿಗೆ ಇಷ್ಟು ಗೊತ್ತಿರಲಿ ಎಂದು ಹೇಳಿದೆ.

ಬೆಂಚು ನಮ್ಮ ಚರ್ಚಿನದು. ಅಲ್ಲಿಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರು ಚಿಕ್ಕ ಪ್ರಾಯದವರು. ನನ್ನ ಪೆಟ್ಟಿಗೆಯಲ್ಲಿ ಅವರಿಗಿಂತ ಹಿರಿಯ ಉಳಿಗಳಿವೆ. ಬೆಂಚುಗಳನ್ನು ತೆಗೆದು ಕುರ್ಚಿ ಹಾಕೋಣ, ಬೇಕಾದಾಗ ಸುತ್ತಲೂ ಹಾಕಿಕೊಂಡು ಕೂರಬಹುದು, ಮಕ್ಕಳಿಗೆ ಜಾಗ ಮಾಡಿಕೊಡಬಹುದು, ಗಾಲಿ ಕುರ್ಚಿಯಲ್ಲಿ ಬರುವವರು ಮೂಲೆಯಲ್ಲಿ ಕೂರಬೇಕಾಗುವುದಿಲ್ಲ ಎಂದು ಅವರು ಸಭೆಯ ಮುಂದೆ ಹೇಳಿದರು. ಮಾತು ಸರಿಯಾಗಿತ್ತು. ಸರಿಯಾದ ಮಾತನ್ನು ವಿರೋಧಿಸಬೇಕಾದರೆ ಎದ್ದು ನಿಂತೇ ವಿರೋಧಿಸಬೇಕು ಎಂದು ನಾನು ಎದ್ದು ನಿಂತೆ.

"ಕರ್ತನು ಬೆಳೆದದ್ದು ಬಡಗಿಯ ಮನೆಯಲ್ಲಿ. ಪ್ಲಾಸ್ಟಿಕ್ ಕಾರ್ಖಾನೆಯಲ್ಲಲ್ಲ" ಎಂದೆ.

ಜನ ನಕ್ಕರು. ನಗುವನ್ನು ನಾನು ಒಪ್ಪಿಗೆ ಎಂದುಕೊಂಡೆ. ಕೈ ಎತ್ತಿರಿ ಎಂದಾಗ ನನ್ನ ಕೈಯೊಂದನ್ನು ಬಿಟ್ಟು ಉಳಿದೆಲ್ಲ ಕೈಗಳೂ ಕುರ್ಚಿಗಳ ಪರವಾಗಿ ಮೇಲೆದ್ದವು. ಅವುಗಳಲ್ಲಿ ನನ್ನ ಮಗಳ ಕೈಯೂ ಇತ್ತು. ಮನಸ್ಸು ಹೊಸದಾಗಬೇಕು, ಹಳೆಯದನ್ನು ಕಳಚಿಡಬೇಕು ಎಂದು ಆ ಚರ್ಚಿನಲ್ಲಿ ಸಭೆಯ ಹಿರಿಯನಾಗಿ ನಾನೇ ಎಷ್ಟೋ ಸಲ ಬೋಧಿಸಿದ್ದೆ. ಅದು ಬೇರೆಯವರ ಮನಸ್ಸಿನ ವಿಷಯ ಎಂದುಕೊಂಡಿದ್ದೆ.

ನಿಜ ಹೇಳಬೇಕೆಂದರೆ ನನ್ನ ವಾದಕ್ಕೂ ಕರ್ತನಿಗೂ ಸಂಬಂಧವಿರಲಿಲ್ಲ. ಕಿಟಕಿಯ ಬಳಿಯ ಬೆಂಚಿನಲ್ಲಿ, ನಡುದಾರಿಯ ಕಡೆಯ ತುದಿಯಲ್ಲಿ ನನ್ನವಳು ಕೂರುತ್ತಿದ್ದಳು. ಪಕ್ಕದಲ್ಲಿ ನಾನು. ಬೋಧನೆಯ ನಡುವೆ ನಾನು ತೂಕಡಿಸಿದರೆ ಅವಳ ಮೊಣಕೈ ನನ್ನ ಪಕ್ಕೆಗೆ ಬಂದು ತಾಗುತ್ತಿತ್ತು. ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ನಾನು ಅವಳ ಕೊಡೆಯನ್ನು ಚರ್ಚಿಗೆ ಕೊಂಡೊಯ್ದು, ಅವಳ ಜಾಗದಲ್ಲಿ ಅಡ್ಡ ಮಲಗಿಸಿ, ಪಕ್ಕದಲ್ಲಿ ಕೂರತೊಡಗಿದೆ. ತಡವಾಗಿ ಬಂದವರು ಕೊಡೆಯನ್ನೂ ನನ್ನ ಮೊಣಕಾಲುಗಳನ್ನೂ ದಾಟಿ ಒಳಗೆ ಹೋಗಬೇಕಿತ್ತು. ನಮ್ಮ ಟೈಲರ್ ಸ್ವಲ್ಪ ದಪ್ಪಗಿನ ಮನುಷ್ಯ. ಅವರು ಪ್ರತಿ ವಾರವೂ ನನ್ನ ಕಾಲು ತುಳಿದು, "ಕ್ಷಮಿಸಿ ಮೇಸ್ತ್ರಿ" ಎನ್ನುತ್ತಿದ್ದರು. ನಾನು ಕ್ಷಮಿಸುತ್ತಿದ್ದೆ. ಕ್ಷಮಿಸುವುದು ನನಗೆ ಅಷ್ಟು ಸಲೀಸಾಗಿತ್ತು; ಕೊಡೆ ಎತ್ತುವುದು ಮಾತ್ರ ಆಗುತ್ತಿರಲಿಲ್ಲ.

ಹಳೆಯ ಬೆಂಚು ಬೇಕಾದವರು ತೆಗೆದುಕೊಂಡು ಹೋಗಬಹುದು ಎಂದು ಅಯ್ಯನವರು ಹೇಳಿದಾಗ ನಾನು ಆ ಬೆಂಚನ್ನು ಕೇಳಿದೆ. ಚರ್ಚಿನಲ್ಲಿ ಅವಳ ಜಾಗ ಹೋಗುವುದಾದರೆ ಮನೆಯಲ್ಲಿ ಇರಲಿ. ನಾನು ಚರ್ಚಿಗೇ ಹೋಗುವುದಿಲ್ಲ. ಮನೆಯಲ್ಲೇ, ಅವಳ ಪಕ್ಕದಲ್ಲೇ ಕೂತು ಪ್ರಾರ್ಥಿಸುತ್ತೇನೆ. ಹೀಗೆ ಹಟ ಹಿಡಿದೆ. ಇದನ್ನು ಹಟ ಎಂದು ಈಗ ಬರೆಯುತ್ತಿದ್ದೇನೆ. ಆಗ ನಾನು ಅದನ್ನು ನಿಷ್ಠೆ ಎನ್ನುತ್ತಿದ್ದೆ.

ಸಾಮಾನು ಹೊರುವವರು ಬೆಂಚನ್ನು ವ್ಯಾನಿನಿಂದ ಇಳಿಸಿ ಒಳಗೆ ತಳ್ಳಿದರು. ನಮ್ಮಿಬ್ಬರ ಜಾಗವಿದ್ದ ತುದಿ ಮೊದಲು ಬಂತು. ಅದು ಮುಂದಿನ ಕೋಣೆಯ ಎದುರು ಗೋಡೆಗೆ ಢಿಕ್ಕಿ ಹೊಡೆದು ನಿಂತಾಗ ಬೆಂಚಿನ ಅರ್ಧ ಇನ್ನೂ ಬೀದಿಯಲ್ಲಿತ್ತು. ಒಳಬಾಗಿಲು ಹೊರಬಾಗಿಲಿನ ನೇರಕ್ಕಿಲ್ಲ, ಆದ್ದರಿಂದ ಮುಂದೆ ದೂಡುವ ಹಾಗಿರಲಿಲ್ಲ. ಓರೆ ಮಾಡಿದರೆ ಬಾಗಿಲ ಚೌಕಟ್ಟು ತಡೆಯುತ್ತಿತ್ತು.

"ಮೇಸ್ತ್ರಿ, ಮನೇನ ಉದ್ದ ಮಾಡ್ತೀರಾ, ಬೆಂಚನ್ನ ಗಿಡ್ಡ ಮಾಡ್ತೀರಾ?" ಎಂದ ಒಬ್ಬ.

"ಅಳತೆ ತಗೊಂಡಿರಲಿಲ್ವಾ?" ಎಂದ ಇನ್ನೊಬ್ಬ.

"ತಗೊಂಡಿದ್ದೆ" ಎಂದೆ. ಸುಳ್ಳಲ್ಲ. ಬೆಂಚಿನ ಅಗಲ, ಎತ್ತರ, ಬಾಗಿಲ ಅಗಲ ಎಲ್ಲವನ್ನೂ ಟೇಪು ಹಿಡಿದು ಅಳೆದಿದ್ದೆ. ಉದ್ದವನ್ನು ಮಾತ್ರ ಅಳೆದಿರಲಿಲ್ಲ. ಅಳೆಯಬೇಕೆಂದು ತೋಚಲೇ ಇಲ್ಲ. ನನ್ನ ಕಣ್ಣಿಗೆ ಆ ಬೆಂಚು ಇಬ್ಬರು ಕೂರುವಷ್ಟೇ ಉದ್ದವಿತ್ತು. ಅದರ ಹಲಗೆಯನ್ನು ಕೈಯಾರೆ ಕೊಯ್ದ ನನಗೇ, ಅಲ್ಲಿ ಇನ್ನೊಂದು ಸಂಸಾರ, ಟೈಲರ್, ಇನ್ನೂ ಯಾರು ಯಾರೋ ಕೂರುತ್ತಿದ್ದರೆಂಬುದು ಮರೆತೇ ಹೋಗಿತ್ತು.

ಹೊರುವವರು ಬೆಂಚನ್ನು ಹಾಗೇ ಬಿಟ್ಟು ಹೋದರು. ಬೆಂಚಿಗೆ ತುದಿಗಳಲ್ಲಿ ಒಂದೊಂದು ಕಾಲು, ನಡುವೆ ಒಂದು ಕಾಲು. ಆ ನಡುಗಾಲು ಸರಿಯಾಗಿ ಹೊಸ್ತಿಲ ಮೇಲೆ ಬಂದು ನಿಂತಿತ್ತು. ಹೊಸ್ತಿಲು ನೆಲಕ್ಕಿಂತ ಎತ್ತರ. ಹೀಗಾಗಿ ಬೆಂಚು ತಕ್ಕಡಿಯಂತೆ ಯಾವ ಕಡೆ ಭಾರವೋ ಆ ಕಡೆ ವಾಲುತ್ತಿತ್ತು.

ಮಗಳ ಮನೆ ಹಿಂದಿನ ಬೀದಿಯಲ್ಲೇ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದವಳು ಬಾಗಿಲಲ್ಲಿ ನಿಂತು ಬೆಂಚನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಬಟ್ಟೆ ಎತ್ತಿ ಹಿಡಿದು ಬೆಂಚಿನ ಮೇಲೆ ಹತ್ತಿ, ಅದರ ಮೇಲೆಯೇ ನಡೆದು ಒಳಗೆ ಬಂದಳು.

"ಅಪ್ಪ, ಬಾಗಿಲು ಹೇಗೆ ಮುಚ್ತೀರಿ?"

"ಮುಚ್ಚೋದಿಲ್ಲ. ಪರದೆ ಕಟ್ತೀನಿ."

"ಕಳ್ಳ ಬಂದು ಪರದೆ ನೋಡಿ, ಓಹೋ ಮುಚ್ಚಿದೆ ಅಂತ ವಾಪಸ್ ಹೋಗ್ತಾನಾ?"

"ನಿನಗೇ ಒಳಗೆ ಬರೋಕೆ ಇಷ್ಟು ಕಷ್ಟ ಆಯ್ತಲ್ಲ, ಕಳ್ಳನಿಗೆ ಆಗಲ್ವಾ?"

ಅವಳು ನಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುತ್ತ, "ಕತ್ತರಿಸಿಬಿಡಿ ಅಪ್ಪ. ನಿಮಗೆ ಬೇಕಾದಷ್ಟು ಇಟ್ಕೊಳ್ಳಿ" ಎಂದಳು.

"ನೀನು ಕುರ್ಚಿಗೆ ಕೈ ಎತ್ತಿದವಳು. ನೀನು ಮಾತಾಡಬೇಡ."

"ಕುರ್ಚಿ ಬೇಕು ಅಂತ ಎತ್ತಲಿಲ್ಲಪ್ಪ." ಅವಳು ಕೊಡೆಯ ಕಡೆ ನೋಡಿದಳು. ನಾನು ಆಗಲೇ ಅದನ್ನು ಅದರ ಜಾಗದಲ್ಲಿ ಮಲಗಿಸಿದ್ದೆ. "ನೀವು ಕೊಡೆ ಪಕ್ಕ ಕೂತಿರೋದನ್ನ ಪ್ರತಿ ವಾರ ಹಿಂದಿನ ಸಾಲಿನಿಂದ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ನಮ್ಮಮ್ಮ ಕೊಡೆ ಅಲ್ಲ."

ಊಟಕ್ಕೆ ಉಪ್ಪು ಕಡಿಮೆ ಎಂದೆ.

ಮರುದಿನ ಬೆಳಗ್ಗೆ ಒಲೆಯ ಮೇಲೆ ನೀರಿಟ್ಟು, ಬೆಂಚಿನಲ್ಲಿ ನನ್ನ ಜಾಗದಲ್ಲಿ ಕೂತು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದೆ. ಪ್ರಾರ್ಥನೆ ಎನ್ನುವುದಕ್ಕಿಂತ ದೂರು ಎನ್ನಬೇಕು. ಅಯ್ಯನವರ ಮೇಲೆ ಸ್ವಲ್ಪ, ಮಗಳ ಮೇಲೆ ಸ್ವಲ್ಪ, ಪ್ಲಾಸ್ಟಿಕ್ಕಿನ ಮೇಲೆ ಬಹಳ. ಕೊನೆಗೆ, "ಕರ್ತನೇ, ಎಲ್ಲವೂ ಬದಲಾಗುವ ಈ ಲೋಕದಲ್ಲಿ ನನಗೇನು ಕೆಲಸ? ಅವಳನ್ನು ಕರೆದುಕೊಂಡ ಹಾಗೆ ನನ್ನನ್ನೂ ಕರೆದುಕೋ" ಎಂದೆ.

ಆಗ ನಾನು ಮೇಲಕ್ಕೆ ಏಳತೊಡಗಿದೆ.

ನಿಧಾನವಾಗಿ, ಸದ್ದಿಲ್ಲದೆ, ಕೂತ ಹಾಗೆಯೇ. ಪಾದಗಳು ನೆಲ ಬಿಟ್ಟವು. ಇಷ್ಟು ಬೇಗ ಉತ್ತರ ಬರುತ್ತದೆಂದು ನಾನು ಭಾವಿಸಿರಲಿಲ್ಲ. ಜೀವಮಾನವಿಡೀ ಆ ಗಳಿಗೆಗೆ ಸಿದ್ಧನಾಗಿದ್ದೇನೆ ಎಂದು ಹೇಳಿಕೊಂಡವನ ಬಾಯಿಂದ ಆಗ ಹೊರಟ ಮಾತು ಸ್ತೋತ್ರವಲ್ಲ. "ಒಂದ್ನಿಮಿಷ ತಾಳು, ಒಲೆ ಮೇಲೆ ನೀರಿದೆ" ಎಂದೆ.

"ಯಾರಿಗೆ ಯಜಮಾನ್ರೇ, ನನಗಾ?" ಎಂದು ಹೊರಗಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು.

ಕಣ್ಣು ಬಿಟ್ಟೆ. ಪರದೆಯ ಸಂದಿಯಿಂದ ನೋಡಿದರೆ ಬೆಂಚಿನ ಹೊರತುದಿಯಲ್ಲಿ ಭಾರಿ ಮೈಕಟ್ಟಿನ ಹೆಂಗಸೊಬ್ಬಳು, ತೊಡೆಯ ಮೇಲೊಂದು ಬ್ರೆಡ್ಡಿನ ಬುಟ್ಟಿ ಇಟ್ಟುಕೊಂಡು, ಚಪ್ಪಲಿ ಬಿಟ್ಟು ಊದಿದ ಪಾದಗಳನ್ನು ಚಾಚಿ ಕೂತಿದ್ದಳು. ಮೂಲೆಯಲ್ಲಿ ಹೊಸದಾಗಿ ತೆರೆದ ಬೇಕರಿಯವಳು. ನಮ್ಮ ಮನೆಯ ಮುಂದೆಯೇ ಬಸ್ಸು ನಿಲ್ಲುತ್ತದೆ; ನಿಲ್ದಾಣಕ್ಕೆ ಒಂದು ಕಂಬವಿದೆಯೇ ಹೊರತು ಕೂರಲು ಜಾಗವಿಲ್ಲ.

"ಇದು ಚರ್ಚಿನ ಬೆಂಚು" ಎಂದೆ, ಗಾಳಿಯಲ್ಲಿ ಕೂತೇ.

"ಹೌದಾ? ಹಾಗಾದ್ರೆ ಕಾಣಿಕೆ ತಟ್ಟೆ ಬರೋ ಮೊದಲು ಎದ್ದು ಹೋಗ್ತೀನಿ ಬಿಡಿ."

"ಅಲ್ಲಮ್ಮ, ಇದು ಪ್ರಾರ್ಥನೆಗೆ ಇಟ್ಟಿರೋದು."

"ಬಸ್ಸು ಬರಲಪ್ಪಾ ಅಂತ ನಾನೂ ಅದನ್ನೇ ಮಾಡ್ತಾ ಇದೀನಿ."

ಬಸ್ಸು ಬಂತು. ಅವಳ ಪ್ರಾರ್ಥನೆ ನನ್ನದಕ್ಕಿಂತ ಬೇಗ ಕೇಳಿಸಿರಬೇಕು. ಅವಳು ಎದ್ದಳು, ನಾನು ಧಡಕ್ಕೆಂದು ಭೂಮಿಗೆ ಬಂದೆ. ಸ್ವರ್ಗದ ದಾರಿಯಿಂದ ಇಷ್ಟು ಬೇಗ ವಾಪಸು ಬಂದವರು ಹೆಚ್ಚು ಮಂದಿ ಇರಲಾರರು. ಒಲೆಯ ಮೇಲಿನ ನೀರು ಚೆನ್ನಾಗಿ ಕಾದಿತ್ತು.

ಆ ವಾರವೆಲ್ಲ ಹೊರಗಿನ ಅರ್ಧ ತುಂಬುತ್ತ ಬಂತು. ಒಬ್ಬರು ಕೂತದ್ದನ್ನು ನೋಡಿ ಇನ್ನೊಬ್ಬರು. ನಾನು ಒಳಗೆ ಕೂತು, ಎಷ್ಟು ಎತ್ತರಕ್ಕೆ ಏಳುತ್ತೇನೆ ಎಂಬುದರಿಂದಲೇ ಹೊರಗೆ ಯಾರು ಬಂದರೆಂದು ಹೇಳುವಷ್ಟಾದೆ. ಕೂರಬೇಡಿ ಎಂದು ಹೇಳಲು ಎದ್ದು ಹೋದರೆ ನನ್ನ ಭಾರ ತಪ್ಪಿ ಬೆಂಚು ಹೊರಕ್ಕೆ ವಾಲುತ್ತಿತ್ತು. ಅವರು "ಅಯ್ಯಯ್ಯೋ, ಏಳಬೇಡಿ, ಏಳಬೇಡಿ" ಎಂದು ನನ್ನನ್ನೇ ಕೂರಿಸುತ್ತಿದ್ದರು. ಭಾನುವಾರ ಬಂತು. ನಾನು ಚರ್ಚಿಗೆ ಹೋಗಲಿಲ್ಲ. ಮತ್ತೊಂದು ಭಾನುವಾರವೂ ಹೋಗಲಿಲ್ಲ. ಮನೆಯಲ್ಲಿ ಒಬ್ಬನೇ ಹಾಡಿದರೆ ರಾಗ ಎಲ್ಲಿ ತಪ್ಪಿತೆಂದು ಹೇಳುವವರೂ ಇರುವುದಿಲ್ಲ. ಕೊಡೆಯಂತೂ ಏನೂ ಹೇಳಲಿಲ್ಲ.

ಒಂದು ಸಂಜೆ ಅಯ್ಯನವರು ಬಂದರು. ಒಳಗೆ ಬರಲು ದಾರಿ ಕಾಣದೆ ಹೊರಗೇ ಕೂತರು. ಬಹಳ ತೆಳ್ಳಗಿನ ಮನುಷ್ಯ. ಬೆಂಚು ಅಲುಗಾಡಲೂ ಇಲ್ಲ. ನಾವು ಹೊಸ್ತಿಲಿನ ಆಚೆ ಈಚೆ ಕೂತು ಮಾತಾಡಿದೆವು.

"ನನ್ನ ಮೇಲೆ ಸಿಟ್ಟಾ ಮೇಸ್ತ್ರಿಗಳೇ?"

"ನಿಮ್ಮ ಮೇಲೆ ಯಾಕೆ ಅಯ್ಯನವರೇ? ನೀವು ಹುಟ್ಟೋ ಮೊದಲಿನಿಂದ ನಾನು ಸಿಟ್ಟಿನವನು."

ಅವರು ನಕ್ಕರು. ಬೋಧನೆ ಮಾಡುತ್ತಾರೆಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕಾದೆ, ಅವರು ಮಾಡಲಿಲ್ಲ. ಬೆಂಚಿನ ಅಂಚನ್ನು ಬೆರಳಿನಿಂದ ಸವರುತ್ತ, "ಎಷ್ಟು ನಯವಾಗಿ ಮಾಡಿದ್ದೀರಿ" ಎಂದರು. ಏಳುವಾಗ ಮಾತ್ರ, "ನಿಮಗಾಗಿ ಕುರ್ಚಿ ಹಿಡಿದಿಟ್ಟಿಲ್ಲ. ಆದರೆ ಬಂದ್ರೆ ಜಾಗ ಸಿಗತ್ತೆ" ಎಂದರು.

ಆ ಮಾತಿಗೆ ನನಗೆ ಬಹಳ ಕೋಪ ಬಂತು. ಇಷ್ಟು ವರ್ಷದ ಹಿರಿಯನಿಗೆ ಒಂದು ಕುರ್ಚಿ ಹಿಡಿದಿಡಬಾರದೇ? ಮಗಳು ಹೇಳಿದಂತೆಯೇ ಆಗಲಿ ಎಂದು ತೀರ್ಮಾನಿಸಿದೆ. ನಮ್ಮಿಬ್ಬರ ಜಾಗದಷ್ಟನ್ನು ಕತ್ತರಿಸಿಕೊಂಡು, ಅದಕ್ಕೊಂದು ಹೊಸ ಕಾಲು ಕೊಟ್ಟು, ಉಳಿದದ್ದನ್ನು ಬೀದಿಗೆ ಎಸೆದು ಬಾಗಿಲು ಹಾಕಿಕೊಳ್ಳುವುದು. ಆಮೇಲೆ ಬಸ್ಸಿನವರೂ ಬೇಡ, ಅಯ್ಯನವರೂ ಬೇಡ. ಅವಳ ಜಾಗ ನನ್ನ ಬಳಿ ಇರುತ್ತದೆ, ಅಷ್ಟು ಸಾಕು. ಪೆನ್ಸಿಲಿನಿಂದ ಗೆರೆ ಎಳೆದೆ. ಈ ಸಲ ಉದ್ದವನ್ನು ಅಳೆದೇ ಎಳೆದೆ.

ಗರಗಸ ಹಿಡಿದದ್ದು ಭಾನುವಾರ ಬೆಳಗ್ಗೆ. ಭಾನುವಾರ ಕೆಲಸ ಮಾಡಬಾರದೆಂದು ಜೀವಮಾನವಿಡೀ ಹೇಳಿದವನು ನಾನು. ಅದೂ ಅಂದು ನೆನಪಾಗಲಿಲ್ಲ. ಗೆರೆಯ ಪಕ್ಕ ಕೂತು, ಹಲ್ಲು ಕೂರಿಸಿ ಎಳೆದೆ. ಮರ ಹಳೆಯದು, ಗಟ್ಟಿ; ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ನಾನು ಮೇಲೆದ್ದೆ.

"ಇದೇನು ಯಜಮಾನ್ರೇ, ಕುಯ್ತಾ ಇದೀರಿ?" ಎಂದಳು ಬೇಕರಿಯವಳು ಹೊರಗಿನಿಂದ.

"ಏಳಮ್ಮ, ಗೆರೆ ತಪ್ಪುತ್ತೆ."

"ಎಷ್ಟು ಜನಕ್ಕೆ ಇಟ್ಕೊಳ್ತೀರಿ?"

"ಇಬ್ಬರಿಗೆ."

"ಇನ್ನೊಬ್ಬರು ಯಾರು?"

ನಾನು ಗರಗಸ ಎಳೆದೆ. ಅದು ಎಳೆದಲ್ಲೇ ಕಚ್ಚಿಕೊಂಡಿತು. ಆ ಪ್ರಶ್ನೆಗೆ ಉತ್ತರ ಯೋಚಿಸುವ ಮೊದಲೇ ಮಳೆ ಬಂತು, ಒಮ್ಮೆಲೇ, ದಪ್ಪ ಹನಿಗಳಲ್ಲಿ. ಹೊರಗಿನ ಅರ್ಧದಲ್ಲಿ ಕೂತವರೆಲ್ಲ ಸೂರಿನ ಕಡೆಗೆ ಸರಿದರು. ಮೊದಲು ಬೇಕರಿಯವಳು, ಬುಟ್ಟಿ ಸಮೇತ, ಹೊಸ್ತಿಲು ದಾಟಿ ಒಳಗೆ ಸರಿದಳು. ಅವಳ ಹಿಂದೆ ಉಳಿದವರು. ಕಂಬದ ಬಳಿ ನಿಂತಿದ್ದವರೂ ಬಂದು ಸೇರಿಕೊಂಡರು. ಯಾರೂ ಏಳಲಿಲ್ಲ, ಬೆಂಚಿನ ಮೇಲೆ ಕೂತಂತೆಯೇ ಒಬ್ಬರನ್ನೊಬ್ಬರು ಒತ್ತುತ್ತ ಬಸ್ಸಿನ ಸಾಲು ನನ್ನ ಮನೆಯೊಳಗೆ ಬರತೊಡಗಿತು.

"ಸ್ವಲ್ಪ ಸರೀರಿ" ಎಂದು ಬೇಕರಿಯವಳು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

ನಾನು ಸರಿದೆ. ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಮೈ ಸರಿದಿತ್ತು. ಅಂಥ ಮೊಣಕೈ ನನ್ನ ಮೈಗೆ ಗೊತ್ತಿತ್ತು. ಗರಗಸ ಕಿತ್ತು ಕೆಳಗಿಟ್ಟು, ಕೊಡೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ನಾನು ಗೋಡೆಗೆ ತಾಗಿ, ತುದಿಯಲ್ಲಿ, ಅವಳ ಜಾಗದಲ್ಲಿ ಕೂತಿದ್ದೆ.

ಅಲ್ಲಿ ಕೂತಾಗಲೇ ನೆನಪಾದದ್ದು. ನನ್ನವಳು ಆ ತುದಿಯಲ್ಲಿ ಕೂರುತ್ತಿದ್ದದ್ದು ನಿಜ. ಆದರೆ ಎಷ್ಟು ಹೊತ್ತು? ಮೊದಲನೆಯ ಹಾಡು ಮುಗಿಯುವಷ್ಟರಲ್ಲಿ ಯಾರಾದರೂ ತಡವಾಗಿ ಬರುತ್ತಿದ್ದರು. ಅವಳ ಮೊಣಕೈ ನನ್ನ ಪಕ್ಕೆಗೆ ಬರುತ್ತಿತ್ತು: "ಸರೀರಿ." ನಾವೆಲ್ಲ ಸರಿಯುತ್ತಿದ್ದೆವು, ಬಂದವರು ತುದಿಯಲ್ಲಿ ಕೂರುತ್ತಿದ್ದರು. ಮತ್ತೊಬ್ಬರು ಬಂದರೆ ಮತ್ತೆ "ಸರೀರಿ." ಆಶೀರ್ವಾದದ ಹೊತ್ತಿಗೆ ಅವಳು ಬೆಂಚಿನ ನಡುವೆ, ನಾನು ಇನ್ನೂ ಒಳಗೆ, ಟೈಲರ್ ಆ ತುದಿಯಲ್ಲಿ ಇರುತ್ತಿದ್ದೆವು. ನಾನು ಕೊಡೆ ಇಟ್ಟು ಕಾದ ಜಾಗವನ್ನು ಅವಳು ಪ್ರತಿ ಭಾನುವಾರ ಬಿಟ್ಟುಕೊಡುತ್ತಿದ್ದಳು. ಅಲ್ಲಿಗೆ ಅವಳು ಬರುತ್ತಿದ್ದದ್ದೇ ಬಿಟ್ಟುಕೊಡಲಿಕ್ಕೆ ಎನ್ನಬೇಕು.

ನನಗೆ ಅಳು ಬಂತು. ಬಸ್ಸಿಗೆ ಕಾಯುವವರ ನಡುವೆ, ಮಡಿಲಲ್ಲಿ ಕೊಡೆ ಇಟ್ಟುಕೊಂಡು ಅತ್ತೆ. ಬೇಕರಿಯವಳು ಬುಟ್ಟಿಯ ಬಟ್ಟೆ ಸರಿಸಿ, ಒಂದು ಬನ್ನು ನನ್ನ ಕೈಯಲ್ಲಿಟ್ಟಳು. ಇನ್ನೂ ಬೆಚ್ಚಗಿತ್ತು.

"ಮನೆಯವಳು ಹೋದ ವರ್ಷ ತೀರಿಕೊಂಡಳು" ಎಂದೆ.

"ಹ್ಞೂಂ" ಎಂದಳು. ಬುಟ್ಟಿಗೆ ಬಟ್ಟೆ ಮತ್ತೆ ಹೊದಿಸುತ್ತ, "ಆ ಕೊಡೆ ಸುಮ್ನೆ ಕೂತಿದೆಯಲ್ಲ, ನಾನು ವಾಪಸ್ ಬರೋವರೆಗೆ ಕೊಡ್ತೀರಾ? ಬ್ರೆಡ್ಡು ನೆನೆಯುತ್ತೆ" ಎಂದಳು.

ಒಂದು ಗಳಿಗೆ ನನ್ನ ಕೈ ಕೊಡೆಯನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಕೊಟ್ಟೆ.

ಬಸ್ಸು ತಡವಾಗಿತ್ತು. ಮಳೆ ತೆಳುವಾದಾಗ ನಾನು ಎದ್ದು, "ಎಲ್ಲರೂ ಒಂದು ಕೈ ಹಾಕಿ" ಎಂದೆ. ಕೂತಿದ್ದವರೆಲ್ಲ ಎದ್ದರು. ಒಳಗೆ ಬರಲು ಅಷ್ಟು ಗೋಳಾಡಿಸಿದ ಬೆಂಚು ಹೊರಗೆ ಹೋಗಲು ಕಾದಿದ್ದಂತೆ ಸರಸರನೆ ಸರಿಯಿತು. ಬಾಗಿಲ ಪಕ್ಕದ ಗೋಡೆಗುಂಟ, ಸೂರಿನ ಕೆಳಗೆ ಅದನ್ನು ಉದ್ದಕ್ಕೆ ಇಟ್ಟೆವು. ಆ ಗೋಡೆ ಎಷ್ಟು ಉದ್ದವಿದೆಯೋ ಅದೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಅಳತೆ ಹಿಡಿದು ಮಾಡಿದಂತಿತ್ತು. ಗರಗಸದ ಗಾಯ ಹಾಗೇ ಇದೆ. ಬೇಕರಿಯವಳು ಈಗ ಅದರಲ್ಲಿ ಹಳೆಯ ಬಸ್ ಟಿಕೆಟುಗಳನ್ನು ಸಿಕ್ಕಿಸುತ್ತಾಳೆ. ನಾನು ದಿನಾ ತೆಗೆದು ಬಿಸಾಡುತ್ತೇನೆ.

ನಾನು ಬಹಳ ದಿನಗಳ ಮೇಲೆ ಬಾಗಿಲು ಮುಚ್ಚಿದೆ. ನನ್ನನ್ನು ಹೊರಗೆ ಇಟ್ಟುಕೊಂಡೇ ಮುಚ್ಚಿದೆ. ಆ ಬಸ್ಸು ಚರ್ಚಿನ ಮುಂದೆಯೇ ಹೋಗುತ್ತದೆ; ಅದು ಬಂದಾಗ ನಾನೂ ಹತ್ತಿದೆ. ಪ್ಯಾಂಟಿನ ಮೊಣಕಾಲಿನ ಮೇಲೆ ಮರದ ಪುಡಿ, ಕೈಯಲ್ಲಿ ಅರ್ಧ ಬನ್ನು.

ಚರ್ಚಿಗೆ ತಡವಾಗಿ ಹೋದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹಾಡು ನಡೆಯುತ್ತಿತ್ತು. ಕುರ್ಚಿಗಳೆಲ್ಲ ತುಂಬಿದ್ದವು. ಒಂದೇ ಒಂದು ಖಾಲಿ ಕುರ್ಚಿ ಸಾಲಿನ ಆ ಕೊನೆಯಲ್ಲಿ, ಗೋಡೆಯ ಬದಿಗೆ. ನಾನು ಕಂಬದ ಹಿಂದೆ ಅವಿತು ನಿಲ್ಲೋಣವೆಂದುಕೊಂಡೆ. ಅಷ್ಟರಲ್ಲಿ ಆ ಸಾಲಿನ ಈ ತುದಿಯಲ್ಲಿದ್ದ ಟೈಲರ್ ನನ್ನನ್ನು ಕಂಡರು. ಪಕ್ಕದವರಿಗೆ ಸನ್ನೆ ಮಾಡಿದರು. ಒಬ್ಬೊಬ್ಬರಾಗಿ ಎದ್ದು ಪಕ್ಕದ ಕುರ್ಚಿಗೆ ಹೋದರು, ಕೊನೆಗೆ ಟೈಲರೂ ಎದ್ದು ಹೋಗಿ ತುದಿಯ ಕುರ್ಚಿಯನ್ನು ನನಗೆ ಬಿಟ್ಟರು. ಬೆಂಚಾಗಿದ್ದರೆ ಕೂತಲ್ಲೇ ಸರಿದರೆ ಸಾಕಾಗುತ್ತಿತ್ತು, ಇಡೀ ಸಾಲು ಏಳಬೇಕಿರಲಿಲ್ಲ, ನಾನು ಹೇಳಿದ್ದೇ ಸರಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತ ಹೋಗಿ ಕೂತೆ. ಕೂರುವಾಗ ಅವರ ಕಾಲು ತುಳಿದೆ.

"ಕ್ಷಮಿಸಿ" ಎಂದೆ.

"ಪರವಾಗಿಲ್ಲ ಮೇಸ್ತ್ರಿ" ಎಂದರು. ಆಮೇಲೆ ಹಾಡಿನ ನಡುವೆಯೇ ನನ್ನ ಕಿವಿಯ ಬಳಿ ಬಗ್ಗಿ, "ಕೊಡೆ ಎಲ್ಲಿ?" ಎಂದರು.

"ಕೆಲಸಕ್ಕೆ ಹೋಗಿದೆ."

ಹಿಂದಿನ ಸಾಲಿನಿಂದ ಮಗಳ ಕೈ ಬಂದು ನನ್ನ ಹೆಗಲ ಮೇಲೆ ಕೂತಿತು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ರಾಗ ತಪ್ಪುತ್ತಿತ್ತು. ಅಯ್ಯನವರು ಮುಂದೆ ನಿಂತು ಕರ್ತನು ನಮ್ಮನ್ನು ದಿನದಿನವೂ ಹೊಸಬರನ್ನಾಗಿ ಮಾಡಲಿ ಎಂದು ಪ್ರಾರ್ಥಿಸಿದರು. ಎಲ್ಲರಿಗಿಂತ ಜೋರಾಗಿ ನಾನೇ ಆಮೆನ್ ಎಂದೆ. ಕುರ್ಚಿ ಬೆನ್ನಿಗೆ ಬಹಳ ಹಿತವಾಗಿತ್ತು. ಅದನ್ನು ಅಯ್ಯನವರ ಮುಂದೆ ಒಪ್ಪಿಕೊಳ್ಳುವಷ್ಟು ಹೊಸಬ ನಾನಿನ್ನೂ ಆಗಿಲ್ಲ.